ಅವಶೇಷಗಳಡಿಯಿಂದ ಬಂದ ಮಗು: ಯಾವ ಚಿಕಿತ್ಸೆ, ಎಷ್ಟು ಕಾಲ, ಯಾರ ಹೊಣೆ?

ಭೂಕಂಪಕ್ಕೆ ಎಷ್ಟು ಮಕ್ಕಳು ಸಿಕ್ಕಿಬೀಳುತ್ತಾರೆ ಎಂಬುದನ್ನು ಅದರ ತೀವ್ರತೆಯಷ್ಟೇ ಅದು ಬಂದ ಹೊತ್ತೂ ನಿರ್ಧರಿಸುತ್ತದೆ. 1988ರ ಡಿಸೆಂಬರ್ 7ರಂದು ಅರ್ಮೇನಿಯಾದ ಸ್ಪಿಟಾಕ್ ನಡುಗಿದ್ದು ಬೆಳಿಗ್ಗೆ 11 ಗಂಟೆ 41 ನಿಮಿಷಕ್ಕೆ. ಮಕ್ಕಳೆಲ್ಲ ತರಗತಿಯಲ್ಲಿದ್ದರು. 2005ರ ಅಕ್ಟೋಬರ್ 8ರಂದು ಮುಜಫ್ಫರಾಬಾದ್ ಸುತ್ತಮುತ್ತ ಭೂಮಿ ಕಂಪಿಸಿದ್ದೂ ಬೆಳಗಿನ ಪಾಠ ಶುರುವಾದ ಮೇಲೆಯೇ. ಅಲ್ಲಿ ಸತ್ತ ಮಕ್ಕಳ ಸಂಖ್ಯೆ 17,000 ದಾಟಿತು ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. 2008ರ ಮೇ 12ರಂದು ಚೀನಾದ ಸಿಚುವಾನ್‌ನಲ್ಲಿ ಮಧ್ಯಾಹ್ನ 2.28. 2015ರ ಏಪ್ರಿಲ್ 25ರ ನೇಪಾಳದ ಭೂಕಂಪ ಹಗಲು ಹೊತ್ತಿನಲ್ಲೇ ಬಂದರೂ ಅಂದು ಶನಿವಾರ, ಅಲ್ಲಿನ ವಾರದ ರಜೆ. ಏಳು ಸಾವಿರಕ್ಕೂ ಹೆಚ್ಚು ಶಾಲೆಗಳಿಗೆ ಪೆಟ್ಟಾಗಿತ್ತು, ಒಳಗೆ ಮಕ್ಕಳಿರಲಿಲ್ಲ.

ಬೀದರ್, ಕಲಬುರಗಿ ಕಡೆಯ ಹಿರಿಯರಿಗೆ ನೆನಪಿರುವುದು 1993ರ ಸೆಪ್ಟೆಂಬರ್ 30ರ ನಸುಕು. ಬಸವಕಲ್ಯಾಣದಿಂದ ಅಷ್ಟೇನೂ ದೂರವಿಲ್ಲದ ಕಿಲ್ಲಾರಿಯಲ್ಲಿ ಗಣಪತಿ ಬಿಟ್ಟು ಬಂದು ಮಲಗಿದ್ದ ಊರಿಗೆ ಊರೇ 3.56ಕ್ಕೆ ಕಲ್ಲುಮಣ್ಣಿನ ಗೋಡೆ, ದಪ್ಪ ಮಣ್ಣಿನ ಮಾಳಿಗೆಗಳ ಕೆಳಗೆ ಹೂತುಹೋಯಿತು. ಸತ್ತವರು ಸುಮಾರು ಹತ್ತು ಸಾವಿರ. ದಿನಗಟ್ಟಲೆ ಆದ ಮೇಲೂ ಸೈನಿಕರು ಮಂಗರೂಳ ಎಂಬ ಹಳ್ಳಿಯಲ್ಲಿ ಒಂದೂವರೆ ವರ್ಷದ ಹೆಣ್ಣುಮಗುವನ್ನು ಜೀವಂತವಾಗಿ ಹೊರತೆಗೆದರು.

ಇಂಥ ಸುದ್ದಿಗಳು ಪತ್ರಿಕೆಗಳ ಮುಖಪುಟಕ್ಕೆ ಬರುತ್ತವೆ. ಹೊರಬಂದ ಮಗುವಿಗೆ ಆಮೇಲೆ ಏನು ಮಾಡಬೇಕು, ಎಲ್ಲಿ, ಯಾರು, ಎಷ್ಟು ಕಾಲ ಎಂಬ ಪ್ರಶ್ನೆಗೆ ಮಾತ್ರ ವೈದ್ಯಲೋಕದಲ್ಲಿ ಈಗಲೂ ಒಮ್ಮತವಿಲ್ಲ. ಕಿಡ್ನಿ ತಜ್ಞರು ನಿಮಿಷಗಳ ಮಾತಾಡುತ್ತಾರೆ, ಮೂಳೆ ವೈದ್ಯರು ಗಂಟೆಗಳ ಲೆಕ್ಕ ಹಾಕುತ್ತಾರೆ, ಹೊರಗಿನಿಂದ ಬರುವ ತಂಡಗಳು ದಿನ ಎಣಿಸುತ್ತವೆ, ಕೃತಕ ಕಾಲು ಕೊಡುವವರು ವರ್ಷಗಳನ್ನು ನೋಡುತ್ತಾರೆ. ವಾದಗಳು ಬಹುಮಟ್ಟಿಗೆ ಹುಟ್ಟುವುದು ಇಲ್ಲಿಂದಲೇ.

ಲಂಡನ್ನಿನ ಬಾಂಬಿನಿಂದ ಅರ್ಮೇನಿಯಾದವರೆಗೆ

ಕಥೆಯ ಮೊದಲ ಅಧ್ಯಾಯ ಭೂಕಂಪದ್ದಲ್ಲ, ಯುದ್ಧದ್ದು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಬಾಂಬುಗಳಿಗೆ ಲಂಡನ್ನಿನ ಮನೆಗಳು ಕುಸಿಯುತ್ತಿದ್ದಾಗ ಎರಿಕ್ ಬೈವಾಟರ್ಸ್ ಮತ್ತು ಡೆಸ್ಮಂಡ್ ಬೀಲ್ ಎಂಬ ವೈದ್ಯರು ಒಂದು ವಿಚಿತ್ರವನ್ನು ಗಮನಿಸಿ 1941ರಲ್ಲಿ ಬರೆದರು. ತೊಲೆಯಡಿ ಕಾಲು ಸಿಕ್ಕಿಕೊಂಡು ಗಂಟೆಗಟ್ಟಲೆ ಬಿದ್ದಿದ್ದವರು ಹೊರಬಂದಾಗ ಚೆನ್ನಾಗಿಯೇ ಮಾತಾಡುತ್ತಿದ್ದರು. ಆಮೇಲೆ ಮೂತ್ರ ಕಟ್ಟಿ, ಕೆಲವೇ ದಿನಗಳಲ್ಲಿ ಸಾಯುತ್ತಿದ್ದರು. ಜಜ್ಜಿಹೋದ ಮಾಂಸಖಂಡದಲ್ಲಿ ಮಯೋಗ್ಲೋಬಿನ್ ಎಂಬ ವರ್ಣದ್ರವ್ಯವೂ ಪೊಟ್ಯಾಷಿಯಮ್ಮೂ ಸೋರಿ ಸೇರಿಕೊಂಡಿರುತ್ತವೆ. ಭಾರ ಎತ್ತಿದೊಡನೆ ರಕ್ತ ಮತ್ತೆ ಹರಿದು ಅವನ್ನು ಮೈಗೆಲ್ಲ ಒಯ್ಯುತ್ತದೆ. ಪೊಟ್ಯಾಷಿಯಂ ಹೃದಯವನ್ನು ನಿಲ್ಲಿಸಬಲ್ಲದು, ಮಯೋಗ್ಲೋಬಿನ್ ಕಿಡ್ನಿಯನ್ನು ಕೆಡಿಸುತ್ತದೆ. ಇದಕ್ಕೆ ಕ್ರಶ್ ಸಿಂಡ್ರೋಮ್ ಎಂಬ ಹೆಸರು ನಿಂತಿತು.

ಈ ತಿಳಿವಳಿಕೆ ನಾಲ್ಕು ದಶಕ ಪುಸ್ತಕದಲ್ಲೇ ಹೆಚ್ಚು ಉಳಿಯಿತು. ಅರ್ಮೇನಿಯಾದಲ್ಲಿ ಕನಿಷ್ಠ 25,000 ಜನ ಸತ್ತ ಮೇಲೆ, ಬದುಕುಳಿದವರಲ್ಲಿ ಸುಮಾರು 600 ಮಂದಿಯ ಕಿಡ್ನಿಗಳು ಕೈಕೊಟ್ಟವು. 225ಕ್ಕೂ ಹೆಚ್ಚು ಜನರಿಗೆ ಡಯಾಲಿಸಿಸ್ ಬೇಕಾಯಿತು. ಶಾಲೆಗಳು ಕುಸಿದಿದ್ದರಿಂದ ಅವರಲ್ಲಿ ಮಕ್ಕಳೂ ಬಹಳ. ಜಗತ್ತಿನ ನಾನಾ ಕಡೆಯಿಂದ ಯಂತ್ರಗಳು ಬಂದವು, ಆದರೆ ಅವನ್ನು ಹೊಂದಿಸಿ ನಡೆಸುವ ಏರ್ಪಾಡು ಇರಲಿಲ್ಲ. ಆ ಗೊಂದಲದ ಪಾಠವಾಗಿಯೇ ಅಂತರರಾಷ್ಟ್ರೀಯ ನೆಫ್ರಾಲಜಿ ಸೊಸೈಟಿ 1989ರಲ್ಲಿ ಕಿಡ್ನಿ ವಿಪತ್ತು ಪರಿಹಾರ ಕಾರ್ಯಪಡೆಯನ್ನು ಕಟ್ಟಿತು.

ಮೊದಲು ಸಲೈನ್ ಎನ್ನುವವರು

ಈ ಪಂಥದ ವಾದ ಸರಳ: ಕಲ್ಲು ಎತ್ತುವ ಮೊದಲೇ ಸಲೈನ್ ಹಚ್ಚಿ. ಅದಕ್ಕೆ ಬಲ ಕೊಟ್ಟದ್ದು 1982ರಲ್ಲಿ ಲೆಬನಾನಿನ ಟೈರ್ ನಗರದಲ್ಲಿ ಕುಸಿದ ಒಂದು ಕಟ್ಟಡ. ಅಲ್ಲಿ ಸಿಕ್ಕಿಬಿದ್ದವರಿಗೆ ಇಸ್ರೇಲಿ ವೈದ್ಯರು ಅವಶೇಷಗಳ ನಡುವೆಯೇ ದ್ರವ ಕೊಡಲು ಶುರುಮಾಡಿದರು. ಕ್ರಶ್ ಸಿಂಡ್ರೋಮ್ ಇದ್ದ ಏಳು ಮಂದಿಯಲ್ಲಿ ಯಾರ ಕಿಡ್ನಿಯೂ ನಿಲ್ಲಲಿಲ್ಲ. 1999ರ ಆಗಸ್ಟ್‌ನಲ್ಲಿ ಟರ್ಕಿಯ ಮರ್ಮರಾ ಭೂಕಂಪದ ನಂತರ 639 ಮಂದಿಗೆ ಕಿಡ್ನಿ ತೊಂದರೆಯಾಗಿ 477 ಮಂದಿಗೆ ಡಯಾಲಿಸಿಸ್ ಮಾಡಬೇಕಾಯಿತು. ಈ ಸಲ ಕಾರ್ಯಪಡೆ ಸಿದ್ಧವಿತ್ತು. ಕಿಡ್ನಿ ತೊಂದರೆಯಾದವರಲ್ಲಿ ಸತ್ತವರು ಶೇ. 15ರಷ್ಟು, ಅಂದರೆ ಬಹುಪಾಲು ಜನ ಉಳಿದರು.

ಮಕ್ಕಳ ವಿಷಯಕ್ಕೆ ಬಂದರೆ ಇದೇ ಸರಳ ಸೂತ್ರ ಸಿಕ್ಕಾಗುತ್ತದೆ. ಮಗುವಿನ ಮೈಯಲ್ಲಿ ಕಿಲೋ ತೂಕಕ್ಕೆ ಸುಮಾರು 80 ಮಿಲಿ ರಕ್ತ. ಹತ್ತು ಕಿಲೋ ತೂಗುವ ಒಂದು ವರ್ಷದ ಕೂಸಿಗೆ ಒಟ್ಟು 800 ಮಿಲಿ. ಒಂದು ಲೋಟದಷ್ಟು, 200 ಮಿಲಿ, ಸೋರಿದರೆ ಕಾಲು ಭಾಗ ಹೋದಂತೆ. ದೊಡ್ಡವರಿಗೆ ಗಂಟೆಗೆ ಒಂದು ಲೀಟರ್ ಸಲೈನ್ ಎಂದು ಬಾಯಿಪಾಠ ಮಾಡಿಕೊಂಡು ಬಂದವರು ಇಲ್ಲಿ ತೂಕ ನೋಡಿ ಲೆಕ್ಕ ಹಾಕಬೇಕು. ಕಡಿಮೆಯಾದರೆ ಕಿಡ್ನಿ ಹೋಗುತ್ತದೆ, ಹೆಚ್ಚಾದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಪೊಟ್ಯಾಷಿಯಂ ಇರುವ ರಿಂಗರ್ ಲ್ಯಾಕ್ಟೇಟ್ ಬಾಟಲಿ ಕೈಗೆ ಸಿಕ್ಕಿತೆಂದು ಹಚ್ಚುವ ಹಾಗೂ ಇಲ್ಲ. ಇಷ್ಟಕ್ಕೂ ತೂಕ ಹೇಳುವವರು ಯಾರು? ತಾಯಿ ಇನ್ನೂ ಕಲ್ಲಿನಡಿ ಇದ್ದಾಳೆ, ಡೇರೆಯಲ್ಲಿ ತಕ್ಕಡಿಯಿಲ್ಲ. ಅದಕ್ಕಾಗಿ ಬಂದದ್ದು ಬ್ರೋಸ್ಲೋ ಟೇಪ್ ಎಂಬ ಬಣ್ಣಬಣ್ಣದ ಪಟ್ಟಿ: ಮಗುವನ್ನು ಅದರ ಪಕ್ಕ ಮಲಗಿಸಿ, ಹಿಮ್ಮಡಿ ಯಾವ ಬಣ್ಣದ ಮೇಲೆ ಬೀಳುತ್ತದೋ ನೋಡಿದರೆ ಅಂದಾಜು ತೂಕವೂ ಔಷಧಿಯ ಪ್ರಮಾಣವೂ ಅಲ್ಲೇ ಅಚ್ಚಾಗಿರುತ್ತದೆ. ನರ ಸಿಗದಿದ್ದರೆ ಮೊಣಕಾಲಿನ ಕೆಳಗೆ ಮೂಳೆಯೊಳಕ್ಕೇ ಸೂಜಿ ಚುಚ್ಚಿ ದ್ರವ ಹರಿಸುತ್ತಾರೆ. ನೋಡುವವರಿಗೆ ಕ್ರೂರವೆನಿಸಿದರೂ ಒಣಗಿದ ಮಗುವಿಗೆ ಎಷ್ಟೋ ಸಲ ಅದೇ ದಾರಿ.

ಡಯಾಲಿಸಿಸ್‌ನದೂ ಇದೇ ಪಾಡು. ಯಂತ್ರವಿದ್ದರೂ ಮಗುವಿಗೆ ಹೊಂದುವ ಸಣ್ಣ ಕೊಳವೆ, ಸಣ್ಣ ಫಿಲ್ಟರ್ ಬೇಕು. ಹೊಟ್ಟೆಯ ಪೊರೆಯನ್ನೇ ಜರಡಿಯಾಗಿಸುವ ಪೆರಿಟೋನಿಯಲ್ ಡಯಾಲಿಸಿಸ್‌ಗೆ ಯಂತ್ರವೂ ವಿದ್ಯುತ್ತೂ ಬೇಡವಾದ್ದರಿಂದ ಮಕ್ಕಳ ತಜ್ಞರು ಅದರ ಪರ. ಹೊಟ್ಟೆಗೂ ಪೆಟ್ಟು ಬಿದ್ದಿದ್ದರೆ ಆ ದಾರಿ ಮುಚ್ಚಿತು.

ಕತ್ತರಿಸಬೇಕೋ, ಕಾಯಬೇಕೋ

ಶಸ್ತ್ರವೈದ್ಯರ ಜಗಳ ಇನ್ನೂ ಹಳೆಯದು. ಜಜ್ಜಿದ ಕಾಲು ಊದಿಕೊಂಡು ಒಳಗಿನ ಒತ್ತಡ ಏರಿದಾಗ ಚರ್ಮವನ್ನೂ ಮಾಂಸಖಂಡದ ಹೊದಿಕೆಯನ್ನೂ ಉದ್ದಕ್ಕೆ ಸೀಳಿ ಒತ್ತಡ ಇಳಿಸುವ ಕ್ರಮಕ್ಕೆ ಫ್ಯಾಸಿಯೋಟಮಿ ಎಂದು ಹೆಸರು. ಮಾಡದಿದ್ದರೆ ಕಾಲು ಸಾಯುತ್ತದೆ ಎಂದು ಒಂದು ಬಣ. ಬಾಗಿಲು ತೆರೆದಿಟ್ಟಂಥ ಆ ಗಾಯದಿಂದ ನಂಜೇರಿ ಮಗುವೇ ಸಾಯುತ್ತದೆ ಎಂದು ಇನ್ನೊಂದು. ಮರ್ಮರಾದಲ್ಲಿ ಕಿಡ್ನಿ ತೊಂದರೆಯಾದವರ ಪೈಕಿ ಸುಮಾರು ಅರ್ಧದಷ್ಟು ಮಂದಿಗೆ ಇದನ್ನು ಮಾಡಲಾಗಿತ್ತು. ಆಮೇಲೆ ಲೆಕ್ಕ ತೆಗೆದಾಗ ಫ್ಯಾಸಿಯೋಟಮಿಗೂ ನಂಜಿಗೂ ನಂಟು ಕಂಡಿತು. ಗಾಯ ಬಿದ್ದು ಎಷ್ಟು ಹೊತ್ತಾಗಿದೆ ಎಂಬುದರ ಮೇಲೆ ಎರಡು ಬಣಗಳೂ ಸರಿಯಾಗಬಹುದು. ಬೇಗ ಸಿಕ್ಕಿದ ಕಾಲನ್ನು ಸೀಳಿದರೆ ಉಳಿಯುತ್ತದೆ, ಒಳಗೆ ಮಾಂಸ ಸತ್ತ ಮೇಲೆ ಸೀಳಿದರೆ ಕೇಡೇ ಹೆಚ್ಚು. ಆದರೆ ಆ ಹೊತ್ತನ್ನು ನಿಖರವಾಗಿ ಹೇಳಬಲ್ಲವರು ಅಲ್ಲಿ ಇರುವುದಿಲ್ಲ.

2010ರ ಜನವರಿ 12ರ ಹೈಟಿ ಭೂಕಂಪದ ನಂತರ ಈ ಜಗಳ ಬೀದಿಗೆ ಬಂತು. ಅಂಗ ಕಳೆದುಕೊಂಡವರು 2,000ದಿಂದ 4,000 ಎಂಬ ಅಂದಾಜುಗಳಿವೆ. ಉಳಿಸಬಹುದಾಗಿದ್ದ ಕಾಲುಗಳನ್ನೂ ಅವಸರದಲ್ಲಿ ಕತ್ತರಿಸಿದರು ಎಂಬ ಟೀಕೆ ಬಂತು. ಎಕ್ಸ್‌ರೇ ಇಲ್ಲದೆ, ಆ್ಯಂಟಿಬಯಾಟಿಕ್ ಇಲ್ಲದೆ, ಗ್ಯಾಂಗ್ರೀನ್ ಏರುತ್ತಿದ್ದಾಗ ಇನ್ನೇನು ಮಾಡಬೇಕಿತ್ತು ಎಂದು ಅಲ್ಲಿ ಕೆಲಸ ಮಾಡಿದವರು ಕೇಳಿದರು. ಕೀಟಮಿನ್ ಎಂಬ ಅಗ್ಗದ ಅರಿವಳಿಕೆ ಇಂಥ ಡೇರೆಗಳಲ್ಲಿ ಆಧಾರ. ಅದು ಉಸಿರಾಟವನ್ನು ಅಷ್ಟಾಗಿ ಕುಗ್ಗಿಸದ ಕಾರಣ ಯಂತ್ರಗಳಿಲ್ಲದ ಕಡೆ ಮಕ್ಕಳಿಗೂ ಕೊಡಬಹುದು.

ಕಾಯಬೇಕು ಎನ್ನುವವರ ಬಲವಾದ ಸಾಕ್ಷಿ ಮಗುವಿನ ಮೂಳೆಯೇ. ನಾಲ್ಕು ವರ್ಷದ ಮಗುವಿನ ತೊಡೆಮೂಳೆ ಮುರಿದರೆ ಸೊಂಟದಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿದರೆ ಸಾಕು, ಒಂದೆರಡು ತಿಂಗಳಲ್ಲಿ ಕೂಡಿಕೊಳ್ಳುತ್ತದೆ. ಸ್ವಲ್ಪ ಗಿಡ್ಡವಾಗಿ ಕೂಡಿದರೂ ಬೆಳೆಯುತ್ತ ಸರಿಹೋಗುತ್ತದೆ. ರಾಡು, ಪ್ಲೇಟು ಹಾಕಿ ಸೋಂಕು ತರಿಸಿಕೊಳ್ಳುವ ಅಗತ್ಯ ಬಹಳ ಸಲ ಇರುವುದಿಲ್ಲ. ಆದರೆ ಮೂಳೆಯ ತುದಿಯಲ್ಲಿರುವ ಬೆಳವಣಿಗೆಯ ಪದರಕ್ಕೆ ಪೆಟ್ಟಾಗಿದ್ದರೆ ಇಂದು ಚೆನ್ನಾಗಿ ಕಂಡ ಕಾಲು ಐದು ವರ್ಷದ ಮೇಲೆ ಸೊಟ್ಟಗಾಗುತ್ತದೆ, ಅಷ್ಟು ಹೊತ್ತಿಗೆ ಆಪರೇಷನ್ ಮಾಡಿದ ವೈದ್ಯ ಬೇರೆ ಖಂಡದಲ್ಲಿರುತ್ತಾನೆ.

ಕತ್ತರಿಸಿದ ಕಾಲಿನ ಕಥೆಯೂ ಅಲ್ಲಿಗೆ ಮುಗಿಯುವುದಿಲ್ಲ. ಮಗು ಬೆಳೆದಂತೆ ಕತ್ತರಿಸಿದ ಮೂಳೆಯ ತುದಿಯೂ ಬೆಳೆದು, ಮೊನೆಯಾಗಿ, ಚರ್ಮವನ್ನು ಒಳಗಿನಿಂದ ಚುಚ್ಚುತ್ತದೆ. ಮತ್ತೆ ಆಪರೇಷನ್. ಅದಕ್ಕೇ ಸಾಧ್ಯವಾದಲ್ಲಿ ಮೂಳೆಯ ನಡುವೆ ಕತ್ತರಿಸದೆ ಕೀಲಿನಲ್ಲಿ ಬಿಡಿಸಿ ಎಂದು ಮಕ್ಕಳ ಮೂಳೆ ತಜ್ಞರು ಹೇಳುವುದು. ಈ ಒಂದು ಮಾತು ಗೊತ್ತಿದ್ದ ಶಸ್ತ್ರವೈದ್ಯ ಡೇರೆಯಲ್ಲಿದ್ದನೋ ಇಲ್ಲವೋ ಎಂಬುದರಿಂದ ಮಗುವಿನ ಮುಂದಿನ ಹತ್ತು ವರ್ಷ ಬದಲಾಗುತ್ತದೆ.

ವಿಮಾನದಲ್ಲಿ ಬರುವ ಆಸ್ಪತ್ರೆ

ದೂರದಿಂದ ಬಂದು ಡೇರೆ ಹಾಕಿ ಜೀವ ಉಳಿಸುವ ತಂಡಗಳ ಚಿತ್ರ ಟಿವಿಯಲ್ಲಿ ಚೆನ್ನಾಗಿ ಕಾಣುತ್ತದೆ. ಸ್ವೀಡನ್ನಿನ ಯೋಹಾನ್ ಫಾನ್ ಶ್ರೀಬ್ ಮತ್ತು ಜೊತೆಗಾರರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಆ ಚಿತ್ರಕ್ಕೆ ತಣ್ಣೀರು ಎರಚಿತು. ಇರಾನ್, ಹೈಟಿ, ಇಂಡೊನೇಷ್ಯಾ, ಪಾಕಿಸ್ತಾನಗಳ ಹಿಂದಿನ ವಿಪತ್ತುಗಳಿಗೆ ಹೋಗಿದ್ದ 43 ವಿದೇಶಿ ಕ್ಷೇತ್ರ ಆಸ್ಪತ್ರೆಗಳಲ್ಲಿ ಒಂದೂ ಮೊದಲ ತುರ್ತು ಚಿಕಿತ್ಸೆಯ ಹೊತ್ತಿಗೆ ತಲುಪಿರಲಿಲ್ಲ. ಆ ಹೊತ್ತಿನಲ್ಲಿ ಜೀವ ಉಳಿಸುವವರು ನೆರೆಯವರು ಮತ್ತು ಅರ್ಧ ಕುಸಿದ ಸ್ಥಳೀಯ ಆಸ್ಪತ್ರೆಯ ನರ್ಸುಗಳು.

ಇನ್ನೊಂದು ಕಡೆಯ ವಾದವೂ ಗಟ್ಟಿಯಿದೆ. ಹೈಟಿಯಲ್ಲಿ ಇಸ್ರೇಲಿ ಸೇನೆಯ ಆಸ್ಪತ್ರೆ ಭೂಕಂಪವಾದ 89 ಗಂಟೆಗಳಲ್ಲಿ ಕೆಲಸ ಶುರುಮಾಡಿ, ಹತ್ತು ದಿನಗಳಲ್ಲಿ ಸಾವಿರದ ನೂರಕ್ಕೂ ಹೆಚ್ಚು ಜನರನ್ನು ನೋಡಿತು. ಅಲ್ಲಿನ ವೈದ್ಯರೇ ಬರೆದುಕೊಂಡಂತೆ, ಕಷ್ಟವಿದ್ದದ್ದು ಯಾರನ್ನು ಒಳಗೆ ಬಿಡಬೇಕು ಎಂಬಲ್ಲಿ. ವೆಂಟಿಲೇಟರುಗಳು ಕೆಲವೇ. ಉಳಿಯುವ ಸಾಧ್ಯತೆ ತೀರ ಕಡಿಮೆ ಇದ್ದವರಿಗೆ ಕೊಟ್ಟರೆ ಉಳಿಯಬಲ್ಲ ಇನ್ನೊಬ್ಬರಿಗೆ ಇಲ್ಲ.

ವಿಂಗಡಣೆಯ ಈ ಪ್ರಶ್ನೆ ಮಕ್ಕಳ ಮುಂದೆ ಇನ್ನೂ ಇಕ್ಕಟ್ಟಿನದು. ದೊಡ್ಡವರಿಗೆ ಬಳಸುವ ಸ್ಟಾರ್ಟ್ ಪದ್ಧತಿಯಲ್ಲಿ, ತಲೆಯನ್ನು ಸರಿಯಾಗಿಟ್ಟ ಮೇಲೂ ಉಸಿರು ಬರದಿದ್ದರೆ ಕಪ್ಪು ಚೀಟಿ ಕಟ್ಟಿ ಮುಂದೆ ಹೋಗಬೇಕು. ಮಕ್ಕಳಲ್ಲಿ ಎಷ್ಟೋ ಸಲ ಉಸಿರು ಮೊದಲು ನಿಂತು ಹೃದಯ ಆಮೇಲೆ ನಿಲ್ಲುತ್ತದೆ. ಅಮೆರಿಕದ ಮಕ್ಕಳ ವೈದ್ಯೆ ಲೂ ರೋಮಿಗ್ 1995ರಲ್ಲಿ ರೂಪಿಸಿದ ಜಂಪ್‌ಸ್ಟಾರ್ಟ್‌ನಲ್ಲಿ ಅದಕ್ಕಾಗಿಯೇ ಒಂದು ಮೆಟ್ಟಿಲು ಸೇರಿತು: ನಾಡಿ ಸಿಕ್ಕರೆ ಐದು ಸಲ ಉಸಿರು ಕೊಟ್ಟು ನೋಡಿ. ಮಕ್ಕಳಿಗೇ ಮೊದಲ ಸರದಿ ಎಂದು ಬಹಳ ಜನರಿಗೆ ಅನ್ನಿಸುತ್ತದೆ, ಆದರೆ ಈ ಪದ್ಧತಿಗಳು ಹಾಗೆ ಹೇಳುವುದಿಲ್ಲ. ಉಳಿಯುವ ಸಾಧ್ಯತೆಯನ್ನು ಮಾತ್ರ ನೋಡುತ್ತವೆ.

ಹೈಟಿಯ ಗದ್ದಲದ ನಂತರ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ತಂಡಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿತು. ಎರಡನೇ ದರ್ಜೆಯದು ದಿನಕ್ಕೆ ಕನಿಷ್ಠ 7 ದೊಡ್ಡ ಆಪರೇಷನ್, ಮೂರನೆಯದು 15 ಮಾಡಬಲ್ಲದಾಗಿರಬೇಕು. 2015ರಲ್ಲಿ ನೇಪಾಳಕ್ಕೆ ನೂರಕ್ಕೂ ಹೆಚ್ಚು ತಂಡಗಳು ಬಂದವು. ಕಠ್ಮಂಡುವಿನ ದೊಡ್ಡ ಆಸ್ಪತ್ರೆಗಳು ನಿಂತಿದ್ದವು, ರೋಗಿಗಳನ್ನು ತಾವೇ ನೋಡುತ್ತಿದ್ದವು, ಹಲವು ಅತಿಥಿಗಳಿಗೆ ಕೆಲಸ ಸಾಲಲಿಲ್ಲ. 2023ರ ಫೆಬ್ರುವರಿ 6ರ ಭೂಕಂಪದ ನಂತರದ ಟರ್ಕಿಯ ಪರಿಸ್ಥಿತಿ ಬೇರೆ. ಇಸ್ಕೆಂದೆರುನ್‌ನ ಸರ್ಕಾರಿ ಆಸ್ಪತ್ರೆಯ ಭಾಗವೇ ಕುಸಿದಿತ್ತು, ಆಗ್ರಾದಿಂದ ಹೋದ ಭಾರತೀಯ ಸೇನೆಯ 60 ಪ್ಯಾರಾ ಫೀಲ್ಡ್ ಆಸ್ಪತ್ರೆ ಅಲ್ಲಿ 30 ಹಾಸಿಗೆ ಹಾಕಿ ಸಾವಿರಾರು ಜನರನ್ನು ನೋಡಿತು.

ಉಳಿಯುವವರ ಪಂಥ ಎಂದೊಂದಿದೆ, ಅದರ ಬಗ್ಗೆ ಕಡಿಮೆ ಬರೆಯಲಾಗಿದೆ. 2005ರ ಮುಜಫ್ಫರಾಬಾದ್ ಭೂಕಂಪದ ನಂತರ ಪಾಕಿಸ್ತಾನಕ್ಕೆ ಕ್ಯೂಬಾ ಸುಮಾರು 2,400 ಆರೋಗ್ಯ ಸಿಬ್ಬಂದಿಯನ್ನು ಕಳಿಸಿತು. ಅವರು ಹಿಮದ ಚಳಿಗಾಲ ಕಳೆದು 2006ರ ಮೇ ತನಕ ಇದ್ದರು. ಅರ್ಮೇನಿಯಾದಲ್ಲಿ ಯೆರೆವಾನಿನ ಅರಬ್ಕಿರ್ ಮಕ್ಕಳ ಆಸ್ಪತ್ರೆಯೊಂದಿಗೆ ಜ್ಯೂರಿಕ್‌ನ ವೈದ್ಯರು ಬೆಳೆಸಿದ ಸಂಬಂಧ ಭೂಕಂಪದ ನೆನಪು ಮಾಸಿದ ಮೇಲೂ ಮುಂದುವರಿಯಿತು. ಹಾರಿಬರುವ ಡೇರೆಗಳಿಗೆ ಹೋಲಿಸಿದರೆ ಮಕ್ಕಳಿಗೆ ಹೆಚ್ಚು ದಕ್ಕಿದ್ದು ಇಂಥ ನೆರವೇ.

ತಾಯಿ ಎಲ್ಲಿ?

ಮಗುವಿನ ಚಿಕಿತ್ಸೆಯಲ್ಲಿ ಅರ್ಧ ಕೆಲಸ ತಾಯಿಯದು, ಆದರೆ ವಿಪತ್ತಿನಲ್ಲಿ ಮಗು ಅವಳಿಂದ ಬೇರಾಗುವುದು ಸುಲಭ. ಹೈಟಿಯಲ್ಲಿ ಭೂಕಂಪವಾಗಿ ಮೂರು ವಾರವೂ ಆಗಿರಲಿಲ್ಲ, ಅಮೆರಿಕದ ಹತ್ತು ಧರ್ಮಪ್ರಚಾರಕರು 33 ಮಕ್ಕಳನ್ನು ಅನಾಥರೆಂದು ಗಡಿ ದಾಟಿಸಲು ಹೋಗಿ ಸಿಕ್ಕಿಬಿದ್ದರು. ಹೆಚ್ಚಿನ ಮಕ್ಕಳಿಗೆ ತಂದೆತಾಯಿ ಇದ್ದರು. ಚಿಕಿತ್ಸೆಗೆಂದು ಮಗುವನ್ನು ದೂರದ ನಗರಕ್ಕೆ, ಪರದೇಶಕ್ಕೆ ಒಯ್ಯಬೇಕೇ, ಇದ್ದಲ್ಲೇ ಸಿಕ್ಕಷ್ಟು ಕೊಡಬೇಕೇ ಎಂಬ ವಾದಕ್ಕೆ ಆ ಪ್ರಕರಣದ ನೆರಳು ಬಿದ್ದಿದೆ. ಟರ್ಕಿಯಲ್ಲಿ 2023ರಲ್ಲಿ ಒಂಟಿಯಾಗಿ ಸಿಕ್ಕ ಸುಮಾರು 1,900 ಮಕ್ಕಳ ಗುರುತು ಹಚ್ಚಲು ಮುಖಚಹರೆ ಹೋಲಿಸುವ ತಂತ್ರಾಂಶ ಬಳಸಿದರು. ಹೆಚ್ಚಿನವರು ಮನೆಯವರನ್ನು ಸೇರಿದರು.

ಇನ್ನು ಹಾಲಿನ ಪ್ರಶ್ನೆ. ಕರುಣೆಯಿಂದ ಬಂದ ಡಬ್ಬಿ ಹಾಲಿನ ಪುಡಿ ಏನು ಮಾಡುತ್ತದೆ ಎಂಬುದಕ್ಕೆ 2006ರ ಇಂಡೊನೇಷ್ಯಾದ ಯೋಗ್ಯಕರ್ತಾ ಭೂಕಂಪ ಸ್ಪಷ್ಟ ಉದಾಹರಣೆ. ದಾನದ ಪುಡಿ ಕುಡಿದ ಕೂಸುಗಳಲ್ಲಿ ಶೇ. 25ರಷ್ಟು ಭೇದಿಗೆ ತುತ್ತಾದರು, ಕುಡಿಯದವರಲ್ಲಿ ಶೇ. 12ಕ್ಕಿಂತ ಕಡಿಮೆ. ನೀರೇ ಕೊಳಕಾಗಿರುವ ಕಡೆ ಬಾಟಲಿ ತೊಳೆಯುವುದೆಲ್ಲಿ? ತಾಯಂದಿರಿಗೆ ಎದೆಹಾಲು ಕೊಡಲು ಮರೆಯಿರುವ ಒಂದು ಡೇರೆ ಹಾಕಿಕೊಡಿ ಎಂಬುದು ಈಗಿನ ಸಲಹೆ. ವಿಮಾನಗಳಲ್ಲಿ ಡಬ್ಬಿಗಳು ಇನ್ನೂ ಬರುತ್ತಲೇ ಇವೆ.

ಕಾಣದ ಗಾಯ

ಮನಸ್ಸಿನ ಚಿಕಿತ್ಸೆಯಲ್ಲಿ ಹಿಂದೆ ಇದ್ದದ್ದು ಕೂಡಲೇ ಎಲ್ಲರನ್ನೂ ಕೂರಿಸಿ ನಡೆದದ್ದನ್ನೆಲ್ಲ ಹೇಳಿಸುವ ಕ್ರಮ. ಒಂದೇ ಬೈಠಕ್ಕಿನ ಅಂಥ ಮಾತುಕತೆಯಿಂದ ಲಾಭವಿಲ್ಲ ಎಂದು ಅಧ್ಯಯನಗಳ ಪರಿಶೀಲನೆ ತೋರಿಸಿದ ಮೇಲೆ ಅದು ಹಿಂದೆ ಸರಿಯಿತು. ಹಾಗೆಂದು ಸುಮ್ಮನೆ ಬಿಟ್ಟರೂ ಆಗದು. ಅರ್ಮೇನಿಯಾದ ಗ್ಯುಮ್ರಿಯ ಶಾಲೆಗಳಲ್ಲಿ ಆರ್ಮೆನ್ ಗೋಯೆಂಜಿಯನ್ ತಂಡ ಭೂಕಂಪವಾಗಿ ಒಂದೂವರೆ ವರ್ಷದ ಮೇಲೆ ಹದಿಹರೆಯದ ಮಕ್ಕಳಿಗೆ ದುಃಖ ಮತ್ತು ಆಘಾತಕ್ಕೆ ಸಂಬಂಧಿಸಿದ ಚಿಕಿತ್ಸೆ ಕೊಟ್ಟಿತು. ಚಿಕಿತ್ಸೆ ಸಿಕ್ಕಿದವರು ಸುಧಾರಿಸಿದರು, ಸಿಗದವರ ಲಕ್ಷಣಗಳು ವರ್ಷ ಕಳೆದಂತೆ ಹೆಚ್ಚಾದವು.

ಬೆಂಗಳೂರಿನ ನಿಮ್ಹಾನ್ಸ್ 2001ರ ಗುಜರಾತ್ ಭೂಕಂಪದ ನಂತರ ಹಿಡಿದ ದಾರಿ ಬೇರೆ. ಮನೋವೈದ್ಯರು ಅಷ್ಟು ಮಂದಿ ಎಲ್ಲಿಂದ ಬರಬೇಕು? ಸ್ಥಳೀಯ ಕಾರ್ಯಕರ್ತರಿಗೆ, ಶಿಕ್ಷಕರಿಗೆ ತರಬೇತಿ ಕೊಟ್ಟು, ಆಟ, ಚಿತ್ರ, ಕಥೆಗಳ ಮೂಲಕ ಮಕ್ಕಳನ್ನು ದಿನಚರಿಗೆ ತರುವ ಕ್ರಮವದು. ಮುಂದೆ ಸುನಾಮಿಯಲ್ಲೂ ಅದು ಬಳಕೆಯಾಯಿತು. ತಜ್ಞ ಚಿಕಿತ್ಸೆ ಬೇಕಾದ ಮಗು ಈ ಜರಡಿಯಲ್ಲಿ ತಪ್ಪಿಹೋಗಬಹುದು ಎಂಬುದು ಇದರ ಮೇಲಿನ ಆಕ್ಷೇಪ. ಸಾವಿರಾರು ಮಕ್ಕಳಿಗೆ ಏನೂ ಸಿಗದಿರುವುದಕ್ಕಿಂತ ಇದು ಮೇಲು ಎಂಬ ಉತ್ತರದಲ್ಲಿ ಹುರುಳಿದೆ.

ಗೋಡೆಯೇ ಮೊದಲ ಮದ್ದು ಎನ್ನುವವರು

ಇಂಜಿನಿಯರುಗಳಿಗೆ ಈ ಚರ್ಚೆಯೆಲ್ಲ ತಡವಾಗಿ ಶುರುವಾದದ್ದೆನಿಸುತ್ತದೆ. 1933ರ ಮಾರ್ಚ್ 10ರ ಸಂಜೆ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಶಾಲಾ ಕಟ್ಟಡಗಳು ಸಾಲುಸಾಲಾಗಿ ಬಿದ್ದವು. ಮಕ್ಕಳು ಮನೆ ಸೇರಿದ್ದರಿಂದ ಬಚಾವು. ಒಂದೇ ತಿಂಗಳಲ್ಲಿ ಫೀಲ್ಡ್ ಕಾಯ್ದೆ ಬಂದು ಶಾಲೆ ಕಟ್ಟುವ ಕ್ರಮವೇ ಬದಲಾಯಿತು. ಸಿಚುವಾನ್‌ನಲ್ಲಿ ಸತ್ತ ಅಥವಾ ಕಾಣೆಯಾದ ವಿದ್ಯಾರ್ಥಿಗಳು 5,335 ಎಂದು ಸರ್ಕಾರ ಹೇಳಿದ್ದು ಒಂದು ವರ್ಷದ ಮೇಲೆ, ಕಳಪೆ ಕಟ್ಟಡಗಳ ಬಗ್ಗೆ ತಂದೆತಾಯಿಗಳು ಬೀದಿಗಿಳಿದ ನಂತರ.

ಆಸ್ಪತ್ರೆಗಳೂ ಬೀಳುತ್ತವೆ. 1985ರಲ್ಲಿ ಮೆಕ್ಸಿಕೊ ನಗರದ ಹ್ವಾರೆಸ್ ಆಸ್ಪತ್ರೆ ಕುಸಿದಾಗ ದಿನಗಟ್ಟಲೆ ಅಡಿಯಲ್ಲಿದ್ದ ನವಜಾತ ಶಿಶುಗಳು ಜೀವಂತವಾಗಿ ಸಿಕ್ಕರು, ವೈದ್ಯರು ದಾದಿಯರು ಹಲವರು ಉಳಿಯಲಿಲ್ಲ. 2001ರ ಗಣರಾಜ್ಯೋತ್ಸವದ ಬೆಳಿಗ್ಗೆ ಗುಜರಾತಿನ ಅಂಜಾರ್‌ನ ಇಕ್ಕಟ್ಟಾದ ಗಲ್ಲಿಯಲ್ಲಿ ಮೆರವಣಿಗೆ ಹೊರಟಿದ್ದ ಶಾಲಾ ಮಕ್ಕಳ ಮೇಲೆ ಎರಡೂ ಬದಿಯ ಮನೆಗಳು ಬಿದ್ದಾಗ, ಭುಜ್‌ನ ಜಿಲ್ಲಾ ಆಸ್ಪತ್ರೆಯೂ ನೆಲಸಮವಾಗಿತ್ತು. ಸೇನೆಯ ವೈದ್ಯರು ಮೈದಾನದಲ್ಲಿ ಆಪರೇಷನ್ ಮಾಡಿದರು. ಆ ಆಸ್ಪತ್ರೆಯನ್ನು ಮತ್ತೆ ಕಟ್ಟುವಾಗ ತಳಪಾಯಕ್ಕೂ ಕಟ್ಟಡಕ್ಕೂ ನಡುವೆ ಸೀಸ ಮತ್ತು ರಬ್ಬರಿನ ಬೇರಿಂಗುಗಳನ್ನು ಇಟ್ಟರು. ಟರ್ಕಿ 2013ರಿಂದ ಅಪಾಯದ ವಲಯದ ದೊಡ್ಡ ಆಸ್ಪತ್ರೆಗಳಿಗೆ ಇಂಥದ್ದನ್ನು ಕಡ್ಡಾಯ ಮಾಡಿತ್ತು. ಹಾಗೆ ಕಟ್ಟಿದ ಆಸ್ಪತ್ರೆಗಳು 2023ರಲ್ಲಿ ಕೆಲಸ ನಿಲ್ಲಿಸಲಿಲ್ಲ. ವೆಚ್ಚ ಎಂಬ ಒಂದೇ ತಕರಾರನ್ನು ಬಿಟ್ಟರೆ ಈ ಪಂಥದ ಎದುರು ವಾದವೇ ಇಲ್ಲ.

ತೀರದ ಲೆಕ್ಕಗಳು

ಮಕ್ಕಳಿಗೆ ಕೊಡುವ ದ್ರವದ ಪ್ರಮಾಣ ಬಹುಮಟ್ಟಿಗೆ ದೊಡ್ಡವರ ಅನುಭವದಿಂದ ಇಳಿಸಿ ತೆಗೆದದ್ದು. ಗಾಯಾಳುಗಳ ವಯಸ್ಸನ್ನು ಎಲ್ಲ ತಂಡಗಳೂ ಒಂದೇ ರೀತಿ ಬರೆದಿಡುವುದಿಲ್ಲ. ಒಬ್ಬರಿಗೆ ಮಗುವೆಂದರೆ ಹದಿನಾಲ್ಕರ ಒಳಗೆ, ಇನ್ನೊಬ್ಬರಿಗೆ ಹದಿನೆಂಟು. ಹೀಗಿರುವಾಗ ಫ್ಯಾಸಿಯೋಟಮಿ ಯಾವ ವಯಸ್ಸಿಗೆ, ಎಷ್ಟು ತಾಸಿನೊಳಗೆ ಎಂಬುದನ್ನು ಹೋಲಿಸಿ ನೋಡುವ ದಾರಿ ಸಿಗುತ್ತಿಲ್ಲ. ಹೈಟಿಯಂತೆ ಜನಸಂಖ್ಯೆಯ ದೊಡ್ಡ ಪಾಲು ಹದಿನೆಂಟರ ಒಳಗಿರುವ ಕಡೆಗೆ ಮಕ್ಕಳ ಪ್ರತ್ಯೇಕ ತಂಡ ಕಳಿಸಬೇಕೇ, ಪ್ರತಿ ತಂಡದಲ್ಲೂ ಒಬ್ಬಿಬ್ಬರು ಮಕ್ಕಳ ತಜ್ಞರಿದ್ದರೆ ಸಾಕೇ ಎಂಬುದರಲ್ಲೂ ಭಿನ್ನಮತವಿದೆ. ತಂದೆತಾಯಿ ಸಿಗದ ಮಗುವಿನ ಕಾಲು ಕತ್ತರಿಸಲು ಒಪ್ಪಿಗೆ ಕೊಡಬೇಕಾದವರು ಯಾರು? ಜೀವ ಉಳಿಸಲು ಕೂಡಲೇ ಕತ್ತರಿಸಲೇಬೇಕಾದಾಗ ಉತ್ತರ ಸುಲಭ. ಎರಡು ದಿನ ಕಾಯಬಹುದಾದಾಗ ಪ್ರತಿ ದೇಶದ ಕಾನೂನು ಬೇರೆ.

ಎಲ್ಲಕ್ಕಿಂತ ದೊಡ್ಡದು ಹಣದ ಅವಧಿ. ಬೆಳೆಯುವ ಮಗುವಿಗೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಹೊಸ ಕೃತಕ ಕಾಲು ಬೇಕು, ನಡುವೆ ಮೂಳೆಯ ತುದಿ ಸವರುವ ಆಪರೇಷನ್ನುಗಳು. 2023ರಲ್ಲಿ ಐದು ವರ್ಷದವಳಾಗಿದ್ದು ಕಾಲು ಕಳೆದುಕೊಂಡ ಹುಡುಗಿಗೆ ಹದಿನೆಂಟು ತುಂಬುವುದು 2036ರಲ್ಲಿ. ಪರಿಹಾರ ನಿಧಿಗಳು ತಿಂಗಳುಗಳ ಲೆಕ್ಕದಲ್ಲಿ ತೆರೆದು ಮುಚ್ಚುತ್ತವೆ. ಉಳಿದ ವರ್ಷಗಳ ಖರ್ಚು ಆರೋಗ್ಯ ಇಲಾಖೆಯದೋ, ದಾನಿ ದೇಶದ್ದೋ, ಮನೆಯವರದೋ ಎಂಬುದು ಯಾವ ಮಾರ್ಗಸೂಚಿಯಿಂದಲೂ ತೀರ್ಮಾನವಾಗಿಲ್ಲ.